ಗಣಿತಸಾರಸಂಗ್ರಹದ ಒಂದು ಬೃಹತ್ಸಂಖ್ಯೆ

ಕೃಷ್ಣಾ-ಘಟಪ್ರಭಾ ನದಿಗಳ ಆಸರೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದ ಪ್ರಾಚೀನ ಜೈನ ವಿದ್ವತ್ತಿನ ಮಾತು ಬಂದಾಗ ಮೊದಲು ನೆನಪಾಗುವವನು ಮುಧೋಳ ಸೀಮೆಯ ಬೆಳಗಲಿಯ ರನ್ನ. ಬನಹಟ್ಟಿಗೆ ಸಮೀಪದ ತೇರದಾಳದ ನೇಮಿನಾಥ ಬಸದಿ, ಅದರ 12ನೆಯ ಶತಮಾನದ ಶಾಸನ ಇವೂ ಚರ್ಚೆಗೆ ಬಂದಿವೆ. ಕಾವ್ಯಕ್ಕೆ ದೊರೆತ ಈ ಗಮನ ಅದೇ ವಿದ್ವತ್ತಿನ ಇನ್ನೊಂದು ಶಾಖೆಯಾದ ಗಣಿತಕ್ಕೆ ದೊರೆತಿಲ್ಲ.

ಈ ಶಾಖೆಯ ಮೇರುಕೃತಿ ಮಹಾವೀರಾಚಾರ್ಯನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (814-878) ಕಾಲದಲ್ಲಿ, ಸುಮಾರು 850ರಲ್ಲಿ, ಇದು ರಚಿತವಾಯಿತು; 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಪಡಿಸಿದರು. ಅನ್ಯ ಗಣಿತಜ್ಞರು ಪರಾರ್ಧದವರೆಗೆ 18 ಸ್ಥಾನಗಳನ್ನು ಹೆಸರಿಸಿದರೆ, ಮಹಾವೀರನು ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸುತ್ತಾನೆ. ಗುಣಲಬ್ಧದ ಅಂಕಿಗಳು ಕಂಠಾಭರಣದ ಮಣಿಗಳಂತೆ ಎರಡೂ ಬದಿಗೆ ಸಮನಾಗಿ ಜೋಡಣೆಗೊಳ್ಳುವ ಲೆಕ್ಕಗಳು ಅವನಿಗೆ ಬಲುಪ್ರಿಯ. 139ನ್ನು 109ರಿಂದ ಗುಣಿಸಿದರೆ 15151; 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಇವುಗಳಲ್ಲಿ ವಿಶೇಷವಾಗಿ ಪರಿಶೀಲನಾರ್ಹವಾದುದು 27994681ನ್ನು 441ರಿಂದ ಗುಣಿಸಿದಾಗ ಬರುವ 12345654321. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಈ ಸಂಖ್ಯೆಯ ಅಗ್ರಾಂಕವು ಮಹಾವೀರನ ಪಟ್ಟಿಯ 11ನೆಯ ಸ್ಥಾನವಾದ ಅರ್ಬುದದಲ್ಲಿದೆ.

ಇದನ್ನು ಕೇವಲ ಅಂಕಿಗಳ ಚಮತ್ಕಾರವೆಂದು ಬದಿಗಿಡುವುದು ಸರಿಯಲ್ಲ. 12345654321 ಎಂಬುದು 111111ರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ಕೂಡುತ್ತವೆ. ಯಾವ ಸ್ಥಾನದ ಮೊತ್ತವೂ ಒಂಬತ್ತನ್ನು ಮೀರದ ಕಾರಣ ದಶಕ ಮುಂದೆ ಹೋಗುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಬಗು ಉಳಿಯುತ್ತದೆ. ಹತ್ತಕ್ಕೆ ಬಂದರೆ 1234567900987654321 ಆಗಿ ಸಮಮಿತಿ ಮುರಿಯುತ್ತದೆ. ಇನ್ನು 111 ಎಂದರೆ 3 × 37, 1001 ಎಂದರೆ 7 × 11 × 13; ಇವೆರಡರ ಗುಣಲಬ್ಧವೇ 111111. ಈ ಅಪವರ್ತನಗಳಲ್ಲಿ 3, 7ನ್ನು ಒಂದೆಡೆ ಕೂಡಿಸಿದರೆ 21, ಉಳಿದವು ಸೇರಿ 5291. ಇವುಗಳ ವರ್ಗಗಳೇ ಮಹಾವೀರನ 441 ಮತ್ತು 27994681. ಗುಣ್ಯವನ್ನು ನೋಡಿದವರಿಗೆ ಉತ್ತರದ ಸುಳಿವೇ ಸಿಗದು. ಇಂಥ ಗುಣ್ಯ-ಗುಣಕಗಳು ಆಕಸ್ಮಿಕವಾಗಿ ದೊರೆಯುವಂಥವಲ್ಲ. ಲೆಕ್ಕವನ್ನು ಉತ್ತರದಿಂದ ಹಿಮ್ಮುಖವಾಗಿ, ಅಪವರ್ತನದ ಮೂಲಕ, ಹೆಣೆದಿರಬೇಕು.

ಈ ವಿದ್ಯೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿ ರಚಿಸಿದನು. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗವೆಂಬುದು ವಿದ್ವಾಂಸರ ಅಭಿಪ್ರಾಯ. ರಬಕವಿ, ತೇರದಾಳಗಳಿಗೆ ಅದು ನೆರೆಯ ಸೀಮೆಯೇ.