ಬ್ರೋಕಾ ಕೊಯ್ಯದೆ ಉಳಿಸಿದ ಮಿದುಳು: ಭಾಷಾನಷ್ಟದಲ್ಲಿ ನರಮಾರ್ಗಗಳ ಪಾತ್ರ

ಪಾಲ್ ಬ್ರೋಕಾನ ಹೆಸರು ಹೊತ್ತ ಮಿದುಳಿನ ಪ್ರದೇಶವನ್ನು ‘ಮಾತಿನ ಕೇಂದ್ರ’ವೆಂದು ಪಠ್ಯಗಳು ಇಂದಿಗೂ ಕಲಿಸುತ್ತಿವೆ. ಆತನೇ ಕಾದಿರಿಸಿದ ಸಾಕ್ಷ್ಯ ಈ ಮಾತನ್ನು ಪೂರ್ತಿಯಾಗಿ ಬೆಂಬಲಿಸುವುದಿಲ್ಲ ಎಂಬುದು ಈ ಲೇಖನದ ವಾದ.

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಎರಡು ದಶಕ ಕಳೆದಿದ್ದ ಲೆಬೋರ್ನ್ ಎಂಬ ರೋಗಿ, ಏನು ಕೇಳಿದರೂ ‘ತಾನ್’ ಎಂದಷ್ಟೇ ಉತ್ತರಿಸುತ್ತಿದ್ದ. ಇತರರ ಮಾತು ಮಾತ್ರ ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. 1861ರ ಏಪ್ರಿಲ್‌ನಲ್ಲಿ, ಕಾಲು ಕೊಳೆತು ಬ್ರೋಕಾನ ವಾರ್ಡಿಗೆ ಬಂದ ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಬ್ರೋಕಾ ಮಿದುಳಿನ ಹೊರಮೈಯನ್ನು ಪರಿಶೀಲಿಸಿ, ಎಡ ಮುಂಹಾಲೆಯ ಮೂರನೆಯ ಮಡಿಕೆಯತ್ತ ಬೆರಳು ಮಾಡಿದ. ಆದರೆ ಅದನ್ನು ಸೀಳಿ ನೋಡಲಿಲ್ಲ, ಇಡಿಯಾಗಿ ಕಾಪಿಟ್ಟ. ಆ ಸಂಯಮಕ್ಕೆ ವಿಜ್ಞಾನ ಋಣಿ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದೇ ಮಿದುಳನ್ನು, ಬ್ರೋಕಾನ ಎರಡನೆಯ ರೋಗಿ ಲೆಲೋಂಗ್‌ನದರ ಜೊತೆಗೆ, ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದರು. ಹಾನಿ ಎರಡರಲ್ಲೂ ಮೇಲ್ಮೈಗೆ ನಿಂತಿರಲಿಲ್ಲ. ಒಳಗಿನ ಬಿಳಿದ್ರವ್ಯಕ್ಕೆ, ಹಿಂದು-ಮುಂದಿನ ಹಾಲೆಗಳನ್ನು ಬೆಸೆಯುವ ಉದ್ದನೆಯ ತಂತುಗಳಿಗೂ ಅದು ಇಳಿದಿತ್ತು.

ಬ್ರೋಕಾ ಪ್ರದೇಶಕ್ಕಷ್ಟೇ ಸೀಮಿತವಾದ ಪೆಟ್ಟು ಶಾಶ್ವತ ಬ್ರೋಕಾ ಅಫೇಸಿಯಾವನ್ನು (ಮಾತು ಹೊರಡದ ಬಗೆಯ ಭಾಷಾನಷ್ಟವನ್ನು) ಉಂಟುಮಾಡುವುದಿಲ್ಲವೆಂದು ಜೆ. ಪಿ. ಮೋರ್ 1978ರಲ್ಲೇ ತೋರಿಸಿದ್ದರು. ಅಲ್ಲಿಗೆ ಎರಡೂ ಸಾಕ್ಷ್ಯಗಳು ಒಂದೇ ಕಡೆ ವಾಲುತ್ತವೆ.

ಸಂಪರ್ಕದ ವಿಚಾರ ಹೊಸದೇನಲ್ಲ. 1874ರಲ್ಲಿ, ಇನ್ನೂ ಇಪ್ಪತ್ತಾರರ ಹರೆಯದ ಕಾರ್ಲ್ ವೆರ್ನಿಕೆ, ಅರ್ಥಗ್ರಹಣದ ತೊಂದರೆಯನ್ನು ಎಡ ಕಪೋಲ ಹಾಲೆಯ ಹಿಂಭಾಗಕ್ಕೆ ಜೋಡಿಸಿದ. ಈ ನೆಲೆಗೂ ಬ್ರೋಕಾ ಪ್ರದೇಶಕ್ಕೂ ನಡುವಿನ ಕೊಂಡಿ ಕಡಿದರೆ ಬೇರೆಯದೇ ಬಗೆಯ ಅಫೇಸಿಯಾ ಬರಬೇಕೆಂದೂ ತರ್ಕಿಸಿದ. ನಾರ್ಮನ್ ಗೆಶ್ವಿಂಡ್ 1965ರಲ್ಲಿ ಈ ತರ್ಕಕ್ಕೆ ಮರುಜೀವ ಕೊಟ್ಟರು. ಕತಾನಿ ತಂಡದ 2005ರ ಚಿತ್ರಣವು ಬಿಲ್ಲಿನಂತೆ ಬಾಗಿದ ಆರ್ಕ್ಯುಯೇಟ್ ತಂತುಗುಚ್ಛದಲ್ಲಿ ನೇರ ಮಾರ್ಗದ ಜೊತೆಗೆ, ಕೆಳ ಪಾರ್ಶ್ವಹಾಲೆಯ ಮೂಲಕ ಹಾಯುವ ಪರೋಕ್ಷ ಮಾರ್ಗವನ್ನೂ ಗುರುತಿಸಿತು. ಹಿಕೊಕ್ ಮತ್ತು ಪೋಪೆಲ್ ಅವರ ಮಾದರಿಯಲ್ಲಿ ಮೇಲಿನ ಹರಿವು ಕೇಳಿದ ಧ್ವನಿಯನ್ನು ಉಚ್ಚಾರಣೆಗೆ ಜೋಡಿಸುತ್ತದೆ, ಕೆಳಗಿನದು ಅರ್ಥಕ್ಕೆ. ಈ ಮಾದರಿಯ ಗಡಿಗಳು ಇನ್ನೂ ವಿವಾದಾಸ್ಪದವೇ. ಆದರೂ ಒಂದೇ ‘ಕೇಂದ್ರ’ದ ಕಲ್ಪನೆಗಿಂತ ಇದು ವಾಸ್ತವಕ್ಕೆ ಹತ್ತಿರ.

ಕನ್ನಡ ಮಾತನಾಡುವ ಅಫೇಸಿಯಾ ರೋಗಿಗಳ ಅಧ್ಯಯನಕ್ಕೂ ಇದು ಸಂಗತ. ವಿಭಕ್ತಿ, ಕಾಲ, ಲಿಂಗ-ವಚನಗಳ ಪ್ರತ್ಯಯಗಳಲ್ಲಿ ಯಾವುದು ಕಳಚಿತು, ಯಾವುದು ಉಳಿಯಿತು ಎಂಬುದನ್ನು ದಾಖಲಿಸುವ ನಮ್ಮ ವಾಕ್‌ಚಿಕಿತ್ಸಕರೂ ನರವೈದ್ಯರೂ ಗಾಯಗೊಂಡ ಪ್ರದೇಶದ ಹೆಸರಿಗೇ ನಿಲ್ಲದೆ, ಅದರಡಿಯ ತಂತುಗಳ ಸ್ಥಿತಿಯನ್ನೂ ತಪ್ಪದೆ ನಮೂದಿಸಬೇಕು.