ಭಾರ ಹೊರಿಸಿ ನೋಡುವ ವಿದ್ಯೆ: ಓಮ್ ಮೇಷ್ಟ್ರಿಂದ ನಮ್ಮೂರ ರಿಪೇರಿ ಅಂಗಡಿವರೆಗೆ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸಿ, ಸುಳಿ ನೋಡಿ ಸುಮ್ಮನಾಗುವುದಿಲ್ಲ. ಗಾಡಿಗೆ ಹೂಡಿ ಎಳೆಸಿ ನೋಡುತ್ತಾರೆ. ಅಡಾಪ್ಟರ್ ಕೊಳ್ಳುವಾಗ ಮಾತ್ರ ನಾವು ಸ್ಟಿಕ್ಕರ್ ಓದಿ ದುಡ್ಡು ಕೊಡುತ್ತೇವೆ. ‘12 ವೋಲ್ಟ್, 2 ಆಂಪಿಯರ್’ ಅಂತ ಬರೆದಿರುತ್ತದೆ. ಮನೆಗೆ ತಂದು ಹಾಕಿದರೆ ಸೆಟ್‌ಟಾಪ್ ಬಾಕ್ಸ್ ಆನ್ ಆಗಿ ಆಫ್ ಆಗುತ್ತದೆ. ವಾಪಸ್ ಒಯ್ದರೆ, “ಮೀಟರ್‌ನ್ಯಾಗ ಬರೋಬ್ಬರಿ ಹನ್ನೆರಡು ತೋರಸ್ತೈತಲ್ಲಣ್ಣ” ಎನ್ನುವ ಉತ್ತರ. ಅಂಗಡಿಯವರದ್ದೂ ಸುಳ್ಳಲ್ಲ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ನಿಂತ ಎತ್ತು ಯಾವುದಾದರೂ ಗಟ್ಟಿಯಾಗೇ ಕಾಣುತ್ತದೆ.

ಈ ತಕರಾರು ಇನ್ನೂರು ವರ್ಷ ಹಳೆಯದು. ಜರ್ಮನಿಯ ಶಾಲಾ ಮೇಷ್ಟ್ರು ಜಾರ್ಜ್ ಓಮ್ 1825ರಲ್ಲಿ ತಂತಿಗಳ ಮೇಲೆ ಪ್ರಯೋಗ ಮಾಡುವಾಗ ಅವರ ಬ್ಯಾಟರಿ ಭಾರ ಬಿದ್ದೊಡನೆ ಕುಸಿಯುತ್ತಿತ್ತು, ಲೆಕ್ಕ ಕೂಡುತ್ತಿರಲಿಲ್ಲ. ಮರುವರ್ಷ ಅವರು ಬ್ಯಾಟರಿ ಬಿಟ್ಟು, ಎರಡು ಬೇರೆ ಲೋಹಗಳನ್ನು ಜೋಡಿಸಿ, ಒಂದು ತುದಿ ಕುದಿಯುವ ನೀರಿನಲ್ಲೂ ಇನ್ನೊಂದು ಮಂಜುಗಡ್ಡೆಯಲ್ಲೂ ಇಟ್ಟು ಕದಲದ ಕರೆಂಟ್ ಪಡೆದರು. ಇವತ್ತಿಗೂ ಐಟಿಐ ಹುಡುಗರು ಬಾಯಿಪಾಠ ಮಾಡುವ ಓಮ್ ನಿಯಮ ಹುಟ್ಟಿದ್ದು ಹಾಗೆ.

ನಮ್ಮ ರಾಜ್ಯಕ್ಕೆ ದೊಡ್ಡ ವಿದ್ಯುತ್ ಬಂದದ್ದು 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ. ಆ ಕಾಲದ ಎಂಜಿನಿಯರ್‌ಗಳು ಜನರೇಟರ್ ಪರೀಕ್ಷೆಗೆ ಬಳಸುತ್ತಿದ್ದ ಉಪಾಯ ತಮಾಷೆಯದು: ತೊಟ್ಟಿಯಲ್ಲಿ ಉಪ್ಪುನೀರು, ಅದರಲ್ಲಿ ಲೋಹದ ತಗಡುಗಳು. ತಗಡು ಇಳಿಸಿದಷ್ಟೂ ಭಾರ ಹೆಚ್ಚು, ನೀರು ಕುದಿಯುವುದಷ್ಟೇ ಕೆಲಸ.

ಹಳ್ಳಿಗೆ ಈ ವಿದ್ಯೆ ಬಂದದ್ದು ರೇಡಿಯೊ ಹಿಂದೆ. ರೇಡಿಯೊವನ್ನೇ ನಮ್ಮ ಹಿರಿಯರು ‘ಟ್ರಾನ್ಸಿಸ್ಟರ್’ ಎಂದರು. ಸೆಲ್ ಖರ್ಚು ಉಳಿಸಲು ‘ಎಲಿಮಿನೇಟರ್’ ಬಂತು. 9 ವೋಲ್ಟಿನದು ಎನ್ನುವ ಆ ಡಬ್ಬಿ ಖಾಲಿ ಇದ್ದಾಗ 12–13 ತೋರಿಸಿ, ರೇಡಿಯೊ ಹಾಕಿದರೆ ಇಳಿಯುತ್ತಿತ್ತು. ಆಮೇಲೆ ಟಿವಿ. ಎಸ್‌ಎಂಪಿಎಸ್ ಕೆಟ್ಟಾಗ ಮೆಕ್ಯಾನಿಕ್‌ಗಳು ಟಿವಿಯ ಉಳಿದ ಭಾಗ ಬಿಡಿಸಿ, ಅದರ ಜಾಗದಲ್ಲಿ 60 ಅಥವಾ 100 ವಾಟ್ ಬಲ್ಬ್ ಕಟ್ಟಿ ಸಪ್ಲೈ ನೋಡುತ್ತಿದ್ದರು. ನಮ್ಮ ಕಡೆಯ ಮೊದಲ ‘ಲೋಡ್’ ಅದೇ ಅನ್ನೋಣ. 2015ರ ಉಜಾಲಾ ಯೋಜನೆ ನಂತರ ಎಲ್‌ಇಡಿ ಮನೆಮನೆಗೆ ಬಂದು ತಂತಿಯ ಬಲ್ಬ್ ಅಪರೂಪವಾಯಿತು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

12 ವೋಲ್ಟ್ ಅಡಾಪ್ಟರ್‌ಗೆ ಗಾಡಿಯ 21 ವಾಟ್ ಇಂಡಿಕೇಟರ್ ಬಲ್ಬ್ ಇದೆಯಲ್ಲ ಎನ್ನಬಹುದು. ಹೌದು, ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಆದರೆ ತಣ್ಣಗಿದ್ದಾಗ ಅದರ ಹಲವು ಪಟ್ಟು ಎಳೆಯುವುದರಿಂದ ಒಳ್ಳೆಯ ಅಡಾಪ್ಟರ್ ಕೂಡ ಬಂದ್ ಆಗಿ ಕೆಟ್ಟದ್ದೆಂಬ ಹೆಸರು ಪಡೆಯಬಹುದು. ಹೀಟರ್ ಕಾಯಿಲ್ ವಾಸಿ: 1000 ವಾಟ್ ಕಾಯಿಲ್ ಸುಮಾರು 53 ಓಮ್, ಅದರ ಕಾಲುಭಾಗ 12 ವೋಲ್ಟಿಗೆ 0.9 ಆಂಪಿಯರ್ ಎಳೆಯುತ್ತದೆ.

ಎಲೆಕ್ಟ್ರಾನಿಕ್ ಲೋಡ್ ಬಂದದ್ದು ಅದೇ ಟ್ರಾನ್ಸಿಸ್ಟರ್ ವಂಶದಿಂದ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಆ ಬಿಡಿಭಾಗದ ತಮ್ಮ, ಮಾಸ್‌ಫೆಟ್, ಇಲ್ಲಿ ನಲ್ಲಿಯಂತೆ ಕೆಲಸ ಮಾಡುತ್ತದೆ. ಕರೆಂಟ್ 0.1 ಓಮ್ ರೆಸಿಸ್ಟರ್ ಮೂಲಕ ಹರಿಯುತ್ತದೆ. 2 ಆಂಪಿಯರ್ ಹರಿದರೆ ಅಲ್ಲಿ 0.2 ವೋಲ್ಟ್. ಎಲ್‌ಎಂ358 ಐಸಿ ಅದನ್ನು ನಾವು ತಿರುಗಿಸಿಟ್ಟ ಗುಂಡಿಯ ವೋಲ್ಟೇಜಿಗೆ ಹೋಲಿಸಿ ನಲ್ಲಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಅಡಾಪ್ಟರ್ ಕುಸಿದರೂ ‘ಎರಡು ಅಂದರೆ ಎರಡು’ ಎಂದು ಎಳೆಯುವುದೇ ಇದರ ಗುಣ. ಆಗ ಮೀಟರ್ ನಿಜ ಹೇಳುತ್ತದೆ.

ಕಟ್ಟಲು ಕಷ್ಟದ್ದು ಸರ್ಕ್ಯೂಟ್ ಅಲ್ಲ, ಶಾಖ. 12 ವೋಲ್ಟ್, 2 ಆಂಪಿಯರ್ ಅಂದರೆ 24 ವಾಟ್, ಒಂದು ಸಾಲ್ಡರಿಂಗ್ ಐರನ್‌ನಷ್ಟು. ಕೆಟ್ಟ ಕಂಪ್ಯೂಟರಿನ ಹೀಟ್‌ಸಿಂಕ್, ಫ್ಯಾನ್ ಸಾಕಾಗುತ್ತದೆ. ಮಾಸ್‌ಫೆಟ್ ದೊಡ್ಡದೇ ಇರಲಿ. ಅದರ ಮೇಲೆ ಬರೆದ ಆಂಪಿಯರ್ ಸ್ವಿಚ್‌ನಂತೆ ಬಳಸುವ ಲೆಕ್ಕ, ನಲ್ಲಿಯಂತೆ ಬಳಸಿದರೆ ಬಹಳ ಮೊದಲೇ ಸುಡುತ್ತದೆ. ಸುಟ್ಟರೆ ಶಾರ್ಟ್ ಆಗುವುದೇ ಹೆಚ್ಚು, ಹಾಗಾಗಿ ಒಂದು ಫ್ಯೂಸ್ ಬೇಕೇ ಬೇಕು. ಮನೆಯ 230 ವೋಲ್ಟ್ ಲೈನಿಗೆ ಮಾತ್ರ ಇದನ್ನು ಎಂದೂ ಹಚ್ಚಬಾರದು.

ಪ್ರಯೋಗಾಲಯದ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ. ಚಿಗಟೇರಿ, ಹರಪನಹಳ್ಳಿಯ ಅಂಗಡಿಗಳಿಗೆ ಅದು ಬೇಡ. ಡಿಸ್‌ಪ್ಲೇ, ಫ್ಯಾನ್ ಇರುವ ಸಣ್ಣ ರೆಡಿಮೇಡ್ ಬೋರ್ಡ್‌ಗಳು ಆನ್‌ಲೈನ್‌ನಲ್ಲಿ ಅದರ ಸಣ್ಣ ಪಾಲಿಗೆ ಸಿಗುತ್ತವೆ. ದಿನಾ ರಿಪೇರಿ ಮಾಡುವವರು ಕೊಳ್ಳುವುದೇ ಮೇಲು, ಕಲಿಯುವ ಹುಡುಗರು ಕಟ್ಟಲಿ ಎಂಬುದು ನಮ್ಮ ಅಭಿಪ್ರಾಯ. ಕೊಳ್ಳುವಾಗ ಆಂಪಿಯರ್ ನೋಡಿ ಮರುಳಾಗಬೇಡಿ, ಎಷ್ಟು ವಾಟ್ ತಡೆಯುತ್ತದೆ ಕೇಳಿ.

ಸ್ಪ್ರೇ ಪಂಪಿನ ಬ್ಯಾಟರಿಗೂ ಇದೇ ಪರೀಕ್ಷೆ. 12 ವೋಲ್ಟ್, 8 ಆಂಪಿಯರ್ ಅವರ್‌ನ ಲೆಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, 1 ಆಂಪಿಯರ್ ಎಳೆಯಲು ಬಿಟ್ಟು ಗಡಿಯಾರ ನೋಡಿ. 10.5 ವೋಲ್ಟಿಗೆ ಬಂದಾಗ ನಿಲ್ಲಿಸಿ. ಆರು ತಾಸು ದಾಟಿದರೆ ಬ್ಯಾಟರಿ ಗಟ್ಟಿ. ಎರಡೇ ತಾಸಿಗೆ ಇಳಿದರೆ ಹೊಸ ಚಾರ್ಜರ್‌ಗೆ ದುಡ್ಡು ಹಾಕಬೇಡಿ, ಕೆಟ್ಟದ್ದು ಬ್ಯಾಟರಿ.