ಪುಳಿಮುಂಚಿ

ತುಳುನಾಡಿನ ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಮೊದಲಾದ ಮೀನುಗಳಿಂದ, ಹುಣಸೆಹುಳಿ ಮತ್ತು ಒಣಮೆಣಸಿನಕಾಯಿಗಳನ್ನು ಪ್ರಧಾನ ದ್ರವ್ಯಗಳನ್ನಾಗಿಸಿ, ಸಾಮಾನ್ಯವಾಗಿ ತೆಂಗಿನಕಾಯಿಯನ್ನು ಬಳಸದೆ ಪಾಕಗೊಳಿಸುವ ಮಂದವಾದ ಮೀನುಸಾರು. ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದುದರಿಂದ ಈ ವ್ಯಂಜನದ ಇಂದಿನ ರೂಪವು ಅದಕ್ಕಿಂತ ಪ್ರಾಚೀನವಾಗಿರಲಾರದು. ಮೊಗವೀರ, ಬಂಟ, ಬಿಲ್ಲವ ಮೊದಲಾದ ಸಮುದಾಯಗಳ ಮನೆಗಳಲ್ಲಿ ಇದರ ಕ್ರಮವು ಬಹುಕಾಲ ಲಿಖಿತರೂಪವನ್ನು ಪಡೆಯದೆ, ಕೈಯಳತೆ ಕಣ್ಣಳತೆಗಳಿಂದಲೇ ಹಿರಿಯ ಸ್ತ್ರೀಯರಿಂದ ಕಿರಿಯರಿಗೆ ಸಂಕ್ರಮಿಸುತ್ತ ಬಂದಿತು. ಆದಕಾರಣ ಓಮ, ಕಾಳುಮೆಣಸು, ಶುಂಠಿಗಳ ಪ್ರಮಾಣವು ಮನೆಯಿಂದ ಮನೆಗೆ ಭಿನ್ನವಾಗಿದ್ದು, ಆ ಭೇದವೇ ಕುಟುಂಬದ ರುಚಿಯ ಗುರುತಾಗಿ ಉಳಿದಿದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ತುಸು ಮೆಂತ್ಯ ಇವುಗಳನ್ನು ಹದವಾಗಿ ಹುರಿದು, ಬೆಳ್ಳುಳ್ಳಿ, ಅರಿಸಿನ, ಹುಣಸೆಹಣ್ಣುಗಳೊಡನೆ ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ಮಣ್ಣಿನ ಪಾತ್ರೆಯಲ್ಲಿ ಆ ಮಸಾಲೆಯು ಚೆನ್ನಾಗಿ ಕುದಿದ ಬಳಿಕವೇ ಮೀನನ್ನು ಹಾಕುವರು. ಮೀನು ಒಡೆಯದಂತೆ ಆಮೇಲೆ ಸೌಟನ್ನಾಡಿಸದೆ, ಪಾತ್ರೆಯ ಅಂಚನ್ನು ಬಟ್ಟೆಯಿಂದ ಹಿಡಿದು ಮೆಲ್ಲನೆ ತಿರುಗಿಸುವುದು ವಾಡಿಕೆ. ನುರಿತ ಕೈಯ ಪರಿಚಯವಾಗುವುದು ಇಲ್ಲಿಯೇ. ಹುಳಿಯ ಆಧಿಕ್ಯದಿಂದ ಸಾರು ಬೇಗ ಕೆಡದು. ಮಾಡಿದ ಮರುದಿನ, ಹುಳಿ ಖಾರಗಳು ಮೀನಿನೊಳಕ್ಕೆ ಇಳಿದ ಮೇಲೆ, ಇದನ್ನು ಕುಚ್ಚಲಕ್ಕಿಯ ಗಂಜಿಯೊಡನೆ ಉಣ್ಣುವುದು ರೂಢಿ.